ನಮ್ಮ ತೋಟದ ಮಳೆ, ಪಂಚಾಯ್ತಿ ಮಳೆ, ಮೊಬೈಲ್ ಮಳೆ

ಇವತ್ತು ಬೆಳಗ್ಗೆ ಎಂಟೂವರೆಗೆ ಮಾಪಕ ನೋಡಿದಾಗ 58 ಮಿ.ಮೀ. ಇತ್ತು. ನಿನ್ನೆ 71. ಪುನರ್ವಸು ಕೈಕೊಡಲಿಲ್ಲ. 1 ಮಿ.ಮೀ. ಅಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಇವತ್ತಿನದನ್ನ ಲೆಕ್ಕ ಹಾಕಿದರೆ ಎಕರೆಗೆ ಸುಮಾರು 2 ಲಕ್ಷ 35 ಸಾವಿರ ಲೀಟರ್. ಎರಡನೇ ಔಷಧಿ ಹೊಡೆಸಿ ಆರು ದಿನ ಆಯ್ತು, ಹಾಗಾಗಿ ಜಗುಲಿಯಲ್ಲಿ ಕೂತು ನೆಮ್ಮದಿಯಿಂದ ಬರೀತಿದ್ದೇನೆ. ಹೋದ ವರ್ಷ ಇದೇ ಹೊತ್ತಿಗೆ ಈ ನೆಮ್ಮದಿ ಇರಲಿಲ್ಲ.

ಹೋದ ವರ್ಷ ಮೊದಲ ಔಷಧಿ ಮೇ ಕೊನೆಗೇ ಮುಗಿದಿತ್ತು. ನಲವತ್ತು, ನಲವತ್ತೈದು ದಿನಕ್ಕೆ ಎರಡನೇದು ಆಗಬೇಕು. ಕೊನೆಗಾರ ಸಿಗೋದೇ ಕಷ್ಟ. ಅಂತೂ ಒಂದು ಮಂಗಳವಾರ ಬರ್ತೇನೆ ಅಂದ. ಸೋಮವಾರ ರಾತ್ರಿ ಮೊಬೈಲ್ ನೋಡಿದರೆ ಮೂರು ದಿನ ಭಾರೀ ಮಳೆ, ಸಾಧ್ಯತೆ ಶೇ. 80. ಹೊಡೆದ ಔಷಧಿ ಒಣಗೋ ಮೊದಲೇ ಮಳೆ ಬಂದರೆ ದುಡ್ಡು ನೀರಿಗೆ ಹಾಕಿದ ಹಾಗೆ. "ಬೇಡ ಮಾರಾಯ, ಮುಂದಿನ ವಾರ ನೋಡುವ" ಅಂತ ಫೋನ್ ಮಾಡಿದೆ. ಮಂಗಳವಾರ, ಬುಧವಾರ ಎರಡೂ ದಿನ ನಮ್ಮಲ್ಲಿ ಹೊಳವು. ಅಂಗಳದಲ್ಲಿ ಬಟ್ಟೆ ಒಣಗಿತು. ಗುಡ್ಡದ ಆಚೆ ಮಾತ್ರ ಕಪ್ಪಗೆ ಸುರೀತಾ ಇತ್ತು. ಗುರುವಾರ ಹಿಡಿದ ಮಳೆ ಹನ್ನೊಂದು ದಿನ ಬಿಡಲಿಲ್ಲ. ಆಮೇಲೆ ತೋಟಕ್ಕೆ ಹೋದರೆ ಮರದ ಬುಡದಲ್ಲೆಲ್ಲ ಹಸಿರು ಅಡಕೆ ಹಾಸಿ ಬಿದ್ದಿತ್ತು, ಮೇಲೆ ಬಿಳಿ ಬೂಸ್ಟು. ಕೊಳೆ ಕಂಡವರಿಗೆ ಆ ಸಂಕಟ ಗೊತ್ತು.

ಕೆಳಗಿನ ತೋಟದ ಭಾವ ಬಂದು ಹೇಳಿದರು, "ವಿಜ್ಞಾನ ನಂಬಿ ಕೆಟ್ಟೆ ನೋಡು. ನಾನು ಆಕಾಶ ನೋಡಿ ಹೊಡೆಸಿದೆ." ಅವತ್ತು ಬಾಯಿ ಬರಲಿಲ್ಲ. ಒಂದು ವರ್ಷ ಯೋಚನೆ ಮಾಡಿದ ಮೇಲೆ ಈಗ ಸ್ವಲ್ಪ ಉತ್ತರ ಇದೆ.

ಮೊದಲನೇದು, ಭಾವ ಹೊಡೆಸಿದ್ದೂ ವಿಜ್ಞಾನವನ್ನೇ. ಫ್ರಾನ್ಸಿನ ಬೋರ್ಡೋ ಕಡೆ ದಾರಿ ಬದಿಯ ದ್ರಾಕ್ಷಿಯನ್ನ ಹೋಗೋ ಬರೋರು ಕಿತ್ತು ತಿನ್ನಬಾರದು ಅಂತ ರೈತರು ಮೈಲುತುತ್ತ, ಸುಣ್ಣ ಕಲಸಿ ಬಳೀತಿದ್ದರು. ಬಳಿದ ಸಾಲಿಗೆ ಮಾತ್ರ ರೋಗ ಬಾರದ್ದನ್ನ ಮಿಲಾರ್ಡೆ ಅನ್ನೋ ಸಸ್ಯವಿಜ್ಞಾನಿ ಗಮನಿಸಿ, ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆ ರೋಗದ ಬೆನ್ನು ಹತ್ತಿದರು. ಕೊನೆಗೆ ಕೊಟ್ಟೆ ಕಟ್ಟುತ್ತಿದ್ದ ನಮ್ಮ ಹಿರಿಯರಿಗೆ ಅದೇ ಬೋರ್ಡೋ ಹೊಡೆಯೋದು ಕಲಿಸಿದರು. ನಾವು ಅಜ್ಜನ ಕಾಲದ್ದು ಅನ್ನೋದು ಯಾರೋ ಒಬ್ಬರು ಕಣ್ಣಿಟ್ಟು ನೋಡಿ, ಬರೆದಿಟ್ಟು ಕೊಟ್ಟಿದ್ದು.

ಎರಡನೇದು, ಮೊಬೈಲ್ ನನಗೆ ಸುಳ್ಳು ಹೇಳಿರಲಿಲ್ಲ. ಓದಲಿಕ್ಕೆ ಬಾರದ್ದು ನನಗೆ. 2025ರ ಮೇ 26ರಂದು ನಮ್ಮ ದೇಶದ ಹೊಸ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಬಂತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ತಯಾರಾಗಿದ್ದು, ಅಲ್ಲಿನ 'ಅರ್ಕ' ಸೂಪರ್ ಕಂಪ್ಯೂಟರ್ ಮೇಲೆ ಓಡೋದು. ಮೊದಲು 12 ಕಿ.ಮೀ. ಚೌಕಕ್ಕೆ ಒಂದು ಲೆಕ್ಕ ಬರ್ತಿತ್ತು, ಈಗ 6 ಕಿ.ಮೀ. ಚೌಕಕ್ಕೆ. ದೊಡ್ಡ ಕೆಲಸವೇ. ಆದರೆ 6 ಕಿ.ಮೀ. ಚೌಕ ಅಂದರೆ ಹತ್ತಿರ ಹತ್ತಿರ 9 ಸಾವಿರ ಎಕರೆ. ಮೊಬೈಲಲ್ಲಿ ಬರೋ ಅಂದಾಜೂ ಇಂಥದ್ದೇ ಯಾವುದೋ ಚೌಕದ್ದು. ಅಷ್ಟರೊಳಗೆ ನಮ್ಮ ತೋಟ ಎರಡು ಎಕರೆ, ನಡುವೆ ಗುಡ್ಡ ಬೇರೆ. ಅವತ್ತು ಮಳೆ ಬಂದಿತ್ತು, ಗುಡ್ಡದ ಆಚೆ ಬಂದಿತ್ತು. ಅದೂ ಅಲ್ಲದೆ ಶೇ. 80 ಅಂದರೆ ಐದರಲ್ಲಿ ಒಂದು ಸಲ ಬರೋದಿಲ್ಲ ಅಂತಲೂ ಅರ್ಥ. ನಾನು 80ನ್ನ 100 ಅಂತ ಓದಿದೆ.

ಮೂರನೇದು ನನಗೆ ಇನ್ನೂ ಹೊಟ್ಟೆ ಉರಿಸೋ ವಿಷಯ. ಅಡಕೆಗೆ ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟುತ್ತೇವಲ್ಲ, ಹೆಕ್ಟೇರಿಗೆ 6,400 ರೂಪಾಯಿ. ಅಲ್ಲಿ ಕೊಳೆ ಬಂತಾ ಅಂತ ಯಾರೂ ತೋಟಕ್ಕೆ ಬಂದು ನೋಡೋದಿಲ್ಲ. ಪಂಚಾಯ್ತಿ ಮಟ್ಟದ ಮಳೆಮಾಪಕ ಏನು ಹೇಳ್ತದೋ ಅದೇ ತೀರ್ಪು. ಈ ಯಂತ್ರದೊಳಗೆ ಒಂದು ಪುಟ್ಟ ಏತ ಇರ್ತದೆ. ಮೇಲಿನ ಆಲಿಕೆಯಿಂದ ನೀರು ಬಿದ್ದು ಒಂದು ಕಡೆ ತುಂಬಿದರೆ ಮಗುಚ್ತದೆ, ಮಗುಚಿದ್ದು ಎಷ್ಟು ಸಲ ಅನ್ನೋದೇ ಮಳೆ ಲೆಕ್ಕ. ಆಲಿಕೆಗೆ ಎಲೆ ಸಿಕ್ಕಿಕೊಂಡರೆ ಏತ ಅಲ್ಲಾಡೋದಿಲ್ಲ, ಲೆಕ್ಕ ಸೊನ್ನೆ.

ಆ ಹನ್ನೊಂದು ದಿನಕ್ಕೆ ನನ್ನ ಪುಸ್ತಕದಲ್ಲಿ ಒಟ್ಟು 742 ಮಿ.ಮೀ. ಇದೆ. ಪಂಚಾಯ್ತಿ ಪಟ್ಟಿಯಲ್ಲಿ ಅದೇ ಹನ್ನೊಂದರಲ್ಲಿ ಎರಡು ದಿನ ಸೊನ್ನೆ! ಗುಡ್ಡದ ಆಚೆ ಈಚೆ ವ್ಯತ್ಯಾಸ ಇರ್ಲಿ, ಸೊನ್ನೆ ಹೇಗೆ ಆಗ್ತದೆ? ನಾಲ್ಕು ಜನ ಹೋಗಿ ನೋಡಿದೆವು. ಮಾಪಕದ ಮೇಲೇ ಹಲಸಿನ ಗೆಲ್ಲು, ಆಲಿಕೆ ತುಂಬ ಕೊಳೆತ ಎಲೆ. ಫೋಟೊ ತೆಗೆದು, ಅರ್ಜಿ ಬರೆದು, ಪುಸ್ತಕ ತೋರಿಸಿದೆವು. "ನಿಮ್ಮ ಪುಸ್ತಕ ಲೆಕ್ಕಕ್ಕೆ ಬರಲ್ಲ" ಅಂದರು. ಎಲೆ ತೆಗೆದರು, ಆದರೆ ಸೊನ್ನೆ ಹಾಗೇ ಉಳೀತು. ವಿಮೆ ಹಣ ಬಂದದ್ದು ಬೇಸಿಗೆ ಕೂಲಿಗೂ ಸಾಲಲಿಲ್ಲ.

ನನಗೆ ಮುನ್ಸೂಚನೆ ತಪ್ಪಿದ್ದಕ್ಕೆ ಸಿಟ್ಟಿಲ್ಲ. ನಾಳೆಯದನ್ನ ಅಂದಾಜು ಮಾಡೋರು ತಪ್ಪೋದು ಸಹಜ, ಅವರು ವರ್ಷ ವರ್ಷ ತಿದ್ದಿಕೊಳ್ತಾ ಇದ್ದಾರೆ. ನಿನ್ನೆ ಬಿದ್ದದ್ದನ್ನ ಅಳೆಯೋದು ತಪ್ಪಿದರೆ ಅದಕ್ಕೆ ಕ್ಷಮೆ ಇಲ್ಲ. ಒಂದು ಗೆಲ್ಲು ಕಡಿಯೋ ಕೆಲಸ ಅದು. ಆಕಾಶಕ್ಕೆ ಉಪಗ್ರಹ ಹಾರಿಸೋ ದೇಶದಲ್ಲಿ ಒಂದು ಆಲಿಕೆ ಒರೆಸೋರು ಇಲ್ಲ ಅಂದರೆ ರೈತ ವಿಜ್ಞಾನವನ್ನೇ ಬೈತಾನೆ. ಎಲೆ ಮಾಡಿದ ತಪ್ಪು ಅಂತ ಅವನಿಗೆ ಹೇಗೆ ಗೊತ್ತಾಗಬೇಕು?

ಈ ವರ್ಷ ಮೇ ತಿಂಗಳಲ್ಲೇ ಪಂಚಾಯ್ತಿಗೆ ಹೇಳಿ, ನಿಂತು ಗೆಲ್ಲು ಕಡಿಸಿದೆವು. ಔಷಧಿಗೆ ಮೊಬೈಲೂ ನೋಡಿದೆ, ಆಕಾಶವೂ ನೋಡಿದೆ, ಗುಡ್ಡದ ಆಚೆಯ ಸ್ನೇಹಿತನಿಗೂ ಫೋನ್ ಮಾಡಿದೆ. ಮೊಬೈಲ್ ಶೇ. 60 ಅಂದಿತ್ತು. ಕೊನೆಗಾರನಿಗೆ ಬಾ ಅಂದೆ. ಮಧ್ಯಾಹ್ನ ಮೂರರ ತನಕ ಹೊಳವು ಸಿಕ್ಕಿತು, ಔಷಧಿ ಒಣಗಿತು. ಇದನ್ನ ಜಾಣತನ ಅನ್ನೋದಿಲ್ಲ, ಅರ್ಧ ಅದೃಷ್ಟ.

ಭಾವ ಈಗ ದಿನಾ ಬೆಳಗ್ಗೆ ಬೇಲಿ ಆಚೆಯಿಂದ ಕೂಗ್ತಾರೆ, "ಎಷ್ಟಾಯ್ತೋ ನಿಂದು?" ವಿಜ್ಞಾನ ನಂಬೋದಿಲ್ಲ ಅನ್ನೋದು ಬಿಟ್ಟಿಲ್ಲ, ಕೇಳೋದೂ ಬಿಟ್ಟಿಲ್ಲ.

ನಿಮ್ಮ ಪಂಚಾಯ್ತಿ ಮಾಪಕ ಎಲ್ಲಿದೆ ಅಂತ ಒಂದು ಸಲ ಹೋಗಿ ನೋಡಿ ಬನ್ನಿ. ಮೇಲೆ ಮರ ಇದ್ದರೆ ಫೋಟೊ ತೆಗೆದು ಅರ್ಜಿ ಕೊಡಿ. ಹಾಗೇ ಇವತ್ತು ನಿಮ್ಮಲ್ಲಿ ಎಷ್ಟು ಮಿ.ಮೀ. ಅಂತ ಕೆಳಗೆ ಬರೆಯಿರಿ.