ದ್ವೀಪದ ಸೊಳ್ಳೆ, ಬೆಂಗಳೂರಿನ ಹಳೆಯ ನಂಟು

ಅಮೆರಿಕದ ಪ್ರಜೆಗಳಿಗೆ ಪೋರ್ಟೊ ರಿಕೊಗೆ ಪಾಸ್‌ಪೋರ್ಟ್ ಬೇಡ. 2024ರ ಬೇಸಿಗೆ ರಜೆಗೆ ಮಾರಿಸ್‌ವಿಲ್‌ನಿಂದ ನಾವೂ ಹೊರಟೆವು. ಸ್ಯಾನ್ ಹುವಾನ್‌ನ ಹಳೆಯ ಕೋಟೆ ನೋಡಿದೆವು. ಎಲ್ ಯುಂಕೆ ಮಳೆಕಾಡಿನಲ್ಲಿ ನಮ್ಮ ಆಗುಂಬೆ ನೆನಪಾಯಿತು. ಆ ಮಾರ್ಚ್‌ನಲ್ಲೇ ಅಲ್ಲಿ ಡೆಂಗಿ ತುರ್ತುಸ್ಥಿತಿ ಘೋಷಣೆಯಾಗಿತ್ತು. “ಸೊಳ್ಳೆ ನಮಗೇನು ಹೊಸದೇ?” ಎಂದು ನಕ್ಕಳು ನನ್ನಾಕೆ. ವೈದ್ಯನಾದ ನಾನೂ ನಕ್ಕೆ.

ಮರಳಿದ ನಾಲ್ಕನೇ ದಿನ ಆಕೆಗೆ ಜ್ವರ, ಕಣ್ಣಿನ ಹಿಂದೆ ನೋವು. ಐಬುಪ್ರೊಫೆನ್ ಡಬ್ಬಿಗೆ ಕೈಹಾಕಿದವಳನ್ನು ತಡೆದೆ. ಅದೂ ಆಸ್ಪಿರಿನ್ನೂ ಡೆಂಗಿಯಲ್ಲಿ ರಕ್ತಸ್ರಾವ ಹೆಚ್ಚಿಸಬಹುದು. ಟೈಲೆನಾಲ್ ಮತ್ತು ಧಾರಾಳ ನೀರು, ಗಂಜಿಯೇ ಸರಿ. ರಕ್ತಪರೀಕ್ಷೆಯಲ್ಲಿ ಡೆಂಗಿಯೇ ಎಂದಾಯಿತು. ಬೆಂಗಳೂರಿನಲ್ಲಿ ಹಿಂದೊಮ್ಮೆ ಆಕೆಗೆ ಡೆಂಗಿ ಬಂದಿತ್ತು. ಈ ವೈರಸ್ಸಿನಲ್ಲಿ ನಾಲ್ಕು ಬಗೆ. ಎರಡನೇ ಸಲ ಬೇರೆ ಬಗೆ ತಗುಲಿದರೆ ಅಪಾಯ ಹೆಚ್ಚು. ಜ್ವರ ಇಳಿದ ದಿನ ಮಕ್ಕಳು ಖುಷಿಪಟ್ಟರು, ನಾನು ನಿದ್ದೆಗೆಟ್ಟೆ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಾಣಿಸಿಕೊಳ್ಳುವ ಭಯ ಆಗಲೇ. ದೇವರ ದಯೆ, ಪಾರಾದೆವು.

ದ್ವೀಪಕ್ಕೆ ಖಂಡಿತ ಹೋಗಿ. ಆದರೆ ಈ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ. ಡೀಟ್ ಇರುವ ಲೇಪ ಹಚ್ಚಿ, ತುಂಬುತೋಳು ತೊಡಿ. ಬಂದ ಎರಡು ವಾರದೊಳಗೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರೆಂದು, ಊರಲ್ಲಿ ಹಿಂದೆ ಡೆಂಗಿ ಬಂದಿತ್ತೇ ಎಂದು ವೈದ್ಯರಿಗೆ ಮೊದಲು ಹೇಳಿ.