ಗ್ಯಾಸ್ ಖಾಲಿ ಆಗಿರಲಿಲ್ಲ

ನಮ್ಮ ಬಾಗಲಕೋಟೆ ಕಡೆ ಹಳೇ ಕಾರಿನ ಎಸಿ ತಂಪು ಕೊಡೋದು ನಿಲ್ಲಿಸ್ತು ಅಂದ್ರೆ ರೋಗ ಒಂದೇ, ಔಷಧಾನೂ ಒಂದೇ: "ಗ್ಯಾಸ್ ಹೋಗೇತಿ, ತುಂಬಿಸ್ರಿ." ಡೀಸೆಲ್ ಹಾಗೆ ಎಸಿ ಗ್ಯಾಸೂ ಉರಿದು ಖರ್ಚಾಗುತ್ತದೆ ಅಂತ ಬಹಳ ಮಂದಿ ತಿಳಿದುಕೊಂಡಿದ್ದಾರೆ. ಅದು ಉರಿಯೋದೇ ಇಲ್ಲ. ಕಂಪ್ರೆಸರ್, ಕಂಡೆನ್ಸರ್, ಎಕ್ಸ್‌ಪಾನ್ಶನ್ ವಾಲ್ವ್, ಇವ್ಯಾಪೊರೇಟರ್ ಅಂತ ಮುಚ್ಚಿದ ಪೈಪಿನೊಳಗೆ ಗಾಣದ ಎತ್ತಿನ ಹಾಗೆ ಸುತ್ತುತ್ತಿರುತ್ತದೆ. ಹಳೇ ರಬ್ಬರ್ ಪೈಪು, ಸೀಲುಗಳಿಂದ ಸ್ವಲ್ಪ ಜಿನುಗಬಹುದು, ಅದು ಬೇರೆ. ಆದರೆ ವರ್ಷವರ್ಷ ತುಂಬಿಸಬೇಕಾಗಿ ಬಂದರೆ ಒಂದೋ ಎಲ್ಲೋ ತೂತಿದೆ, ಇಲ್ಲಾ ರೋಗ ಗ್ಯಾಸಿನದ್ದೇ ಅಲ್ಲ.

ನಾವು ಮೆಕ್ಯಾನಿಕಲ್‌ನ ನಾಲ್ಕು ಮಂದಿ. ನಮ್ಮಲ್ಲೊಬ್ಬನ ಊರು ಬೀಳಗಿ ತಾಲೂಕಿನ ಅನಗವಾಡಿ. ಅವರ ಮನೆಯಲ್ಲಿ ಹದಿನೈದು ವರ್ಷದ ಡೀಸೆಲ್ ಕಾರಿದೆ. ಕಾಕಾ ಎರಡು ಬ್ಯಾಸಿಗಿ ಗ್ಯಾಸ್ ತುಂಬಿಸಿದ್ದರು. ಮೂರನೇದಕ್ಕೂ ರೊಕ್ಕ ತೆಗೆದಿಟ್ಟಿದ್ದರು. ಕಾರಣ ಶೋಕಿ ಅಲ್ಲ. ಮನೆಯ ಆಯಿಗೆ ವಾರಕ್ಕೆ ಎರಡು ಸಲ ಬಾಗಲಕೋಟೆಯಲ್ಲಿ ಡಯಾಲಿಸಿಸ್. ಮಾಡಿಸಿಕೊಂಡು ಹೊರಬೀಳೋದು ಮಧ್ಯಾಹ್ನದ ಹೊತ್ತಿಗೆ. ಆಗ ಅವರ ಬಿಪಿ ಇಳಿದಿರುತ್ತದೆ, ನೀರು ಕುಡಿಯೋದಕ್ಕೂ ಲೆಕ್ಕ. ಏಪ್ರಿಲ್ ಬಿಸಿಲಲ್ಲಿ ಕಿಟಕಿ ಇಳಿಸಿದರೆ ಒಲೆಯ ಬಾಯಿಗೆ ಮುಖ ಕೊಟ್ಟಂಗೆ, ಏರಿಸಿದರೆ ಉಸಿರು ಕಟ್ಟುತ್ತದೆ. ಒಂದು ದಿನ ಘಟಪ್ರಭಾ ಪುಲ್ ಹತ್ತಿರ ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ಸಿಕ್ಕಿಕೊಂಡು ಆಯಿ ಕಾರಿನಲ್ಲೇ ಎಚ್ಚರ ತಪ್ಪಿದ್ದರು. "ಗಾಳಿ ಬರತೈತಿ, ಥಂಡಿ ಬರಂಗಿಲ್ಲ" ಅಂತ ಅವರು ಮೊದಲಿಂದ ಹೇಳುತ್ತಲೇ ಇದ್ದರಂತೆ.

ಊರ ಗ್ಯಾರೇಜಿನ ಮಿಸ್ತ್ರಿ ಎರಡು ಗೇಜಿನ ಸೆಟ್ ಕೊಟ್ಟರು. ಬೆಳಗಿನ ಜಾವ, ನೆರಳಲ್ಲಿ, ಇಂಜಿನ್ ಬಂದ್ ಇದ್ದಾಗ ಎರಡೂ ಮುಳ್ಳು 95 ಪಿಎಸ್‌ಐ ಆಸುಪಾಸು ನಿಂತವು. ನಮಗೆ ಖುಷಿ. ಮಿಸ್ತ್ರಿ ನಕ್ಕರು: "ಗ್ಯಾಸ್ ಐತಿ ತಮ್ಮಾ, ಆದ್ರ ಎಷ್ಟ್ ಐತಿ ಅಂತ ಇದು ಹೇಳಂಗಿಲ್ಲ." ಥರ್ಮೋಡೈನಮಿಕ್ಸ್ ಪೇಪರಿನಲ್ಲಿ ಸ್ಯಾಚುರೇಶನ್ ಟೇಬಲ್ ನೋಡಿ ಲೆಕ್ಕ ಮಾಡಿದ ನಮಗೆ ಇದು ಗೊತ್ತಿರಬೇಕಾದ ಮಾತೇ. ಒಳಗೆ ದ್ರವ ಇರೋವರೆಗೂ ಒತ್ತಡ ಬರೀ ಉಷ್ಣತೆಯ ಮಾತು ಕೇಳುತ್ತದೆ. ಅಡುಗೆಮನೆ ಸಿಲಿಂಡರ್ ಕೂಡ ಹಾಗೇ, ಕೊನೆಯ ದಿನದವರೆಗೂ ಉರಿ ಹಾಗೇ ಇರುತ್ತದೆ, ಆಮೇಲೆ ಒಮ್ಮೆಗೇ ಕೈಕೊಡುತ್ತದೆ.

ಇಂಜಿನ್ ಚಾಲೂ ಮಾಡಿ ಎಸಿ ಹಾಕಿದೆವು. ಕಡಿಮೆ ಒತ್ತಡದ ಕಡೆ 40 ಚಿಲ್ಲರೆ. ಹೆಚ್ಚಿನ ಕಡೆ 300 ದಾಟಿ ಏರುತ್ತಲೇ ಹೋಯಿತು. ಗ್ಯಾಸ್ ಕಡಿಮೆ ಇದ್ದರೆ ಎರಡೂ ಕೆಳಗಿರಬೇಕು. ಅಂದರೆ ಕಂಡೆನ್ಸರ್ ಬಿಸಿಯನ್ನ ಹೊರಗೆ ಹಾಕುತ್ತಿಲ್ಲ. ಮುಂದಿನ ಬಂಪರ್ ಬಿಚ್ಚಿದಾಗ ಕಂಡದ್ದು ಕಂಡೆನ್ಸರ್ ಅಲ್ಲ, ಹೊಲ. ಕರಿ ಮಣ್ಣು, ಕಬ್ಬಿನ ರವದಿ, ಹುಳ, ಒಂದು ಬೇವಿನೆಲೆ, ಎಲ್ಲಾ ರೆಕ್ಕೆಗಳ ನಡುವೆ ಒತ್ತಿ ಗೋಡೆ ಕಟ್ಟಿತ್ತು. ಕಬ್ಬು ಹೇರುವ ರಸ್ತೆಯಲ್ಲಿ ಓಡುವ ಕಾರಿಗೆ ಬೇರೆ ಏನಾಗಬೇಕು? ಹಿಂದಿನಿಂದ ಮುಂದಕ್ಕೆ, ಸಣ್ಣ ಧಾರೆಯಲ್ಲಿ ನೀರು ಬಿಟ್ಟು ತೊಳೆದೆವು. ವಾಷಿಂಗ್ ಪಂಪಿನ ಜೋರು ಧಾರೆ ಬಿಟ್ಟರೆ ರೆಕ್ಕೆ ಮಡಚಿ ಇದ್ದ ಗಾಳಿಯ ದಾರಿಯೂ ಮುಚ್ಚುತ್ತದೆ. ಅರ್ಧ ದಿನ ಹೋಯಿತು.

ತೊಳೆದ ಮೇಲೂ ಒತ್ತಡ ಪೂರ್ತಿ ಇಳಿಯಲಿಲ್ಲ. ಬಾಗಲಕೋಟೆ ನವನಗರದಲ್ಲಿ ಗ್ಯಾಸನ್ನು ಹೊರಗೆಳೆದು ತೂಗುವ ಮಷೀನ್ ಇರುವ ಅಂಗಡಿಗೆ ಒಯ್ದೆವು. ಬಾನೆಟ್ ಕೆಳಗಿನ ಸ್ಟಿಕರಿನಲ್ಲಿ 550 ಗ್ರಾಂ ಅಂತಿತ್ತು. ಹೊರಬಂದದ್ದು 720. ಖಾಲಿ ಆಗೋದಿರಲಿ, ಎರಡು ವರ್ಷ ಅಂದಾಜಿನ ಮೇಲೆ ತುಂಬಿಸಿ ತುಂಬಿಸಿ ಹೊಟ್ಟೆ ಉಬ್ಬಿಸಿಟ್ಟಿದ್ದರು! ಹಾಗಂತ ಹೆಚ್ಚಾದದ್ದನ್ನ ಗಾಳಿಗೆ ಬಿಡುವ ಹಾಗೂ ಇಲ್ಲ. ಹಳೇ ಆರ್-12 ಓಝೋನ್ ತಿನ್ನುತ್ತಿತ್ತು, 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದು ಹಿಂದೆ ಸರಿಯಿತು. ಅದರ ಜಾಗಕ್ಕೆ ಬಂದ ಆರ್-134ಎ ಓಝೋನಿನ ತಂಟೆಗೆ ಹೋಗೋದಿಲ್ಲ, ಆದರೆ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 1,430 ಪಟ್ಟು ಭೂಮಿ ಕಾಯಿಸುತ್ತದೆ. ಅರ್ಧ ಕಿಲೋ ಬಿಟ್ಟರೆ ಏಳು ನೂರು ಕಿಲೋ ಹೊಗೆ ಬಿಟ್ಟಂಗೆ. ವ್ಯಾಕ್ಯೂಮ್ ಪಂಪ್ ಮುಕ್ಕಾಲು ತಾಸು ಓಡಿಸಿ, ಒಳಗಿನ ತೇವ ತೆಗೆದು, ತೂಗಿ 550 ಗ್ರಾಂ ಹಾಕಿದರು. ಗೇಜು ಈಗ ಪುಸ್ತಕದಲ್ಲಿರುವ ಹಾಗೇ ನಿಂತಿತು.

ಆದರೂ ವೆಂಟಿನಲ್ಲಿ ಥರ್ಮಾಮೀಟರ್ 24 ಡಿಗ್ರಿ. ಇವ್ಯಾಪೊರೇಟರಿನಿಂದ ವಾಪಸ್ ಬರುವ ಪೈಪು ಮುಟ್ಟಿದರೆ ಐಸ್ ಹಾಗೆ, ಮೇಲೆಲ್ಲ ಬೆವರು. ತಂಪು ಹುಟ್ಟುತ್ತಿದೆ, ಒಳಗೆ ತಲುಪುತ್ತಿಲ್ಲ. ಚಳಿ-ಬಿಸಿ ನಾಬ್ ತಿರುಗಿಸಿದೆವು. ಬಹಳ ಹಗುರ, ಕೆಟ್ಟ ನಲ್ಲಿಯ ಹಾಗೆ ಸುಮ್ಮನೆ ತಿರುಗಿತು. ಗ್ಲೋವ್ ಬಾಕ್ಸ್ ಕಳಚಿ ಟಾರ್ಚ್ ಬಿಟ್ಟು ನೋಡಿದರೆ, ಹೀಟರ್ ಕಡೆಗೆ ಗಾಳಿ ಬಿಡುವ ಫ್ಲಾಪಿನ ಕೇಬಲ್ ಕ್ಲಿಪ್ಪಿನಿಂದ ಜಾರಿ ಜೋತಾಡುತ್ತಿತ್ತು. ಫ್ಲಾಪ್ ಅರ್ಧ ತೆರೆದು ನಿಂತಿದೆ. ಇವ್ಯಾಪೊರೇಟರಿನಲ್ಲಿ ತಂಪಾದ ಗಾಳಿ, ಇಂಜಿನ್ನಿನ ಬಿಸಿನೀರು ಹರಿಯುವ ಹೀಟರ್ ಮೇಲೆ ಹಾಯ್ದು, ಬೆಚ್ಚಗಾಗಿ ಆಯಿಯ ಮುಖಕ್ಕೆ ಬರುತ್ತಿತ್ತು. ಅಂದರೆ ಎಸಿ, ಹೀಟರ್ ಎರಡೂ ಒಟ್ಟಿಗೆ ಓಡುತ್ತಿದ್ದವು.

ಕ್ಲಿಪ್ಪಿನ ಹಲ್ಲು ಮುರಿದಿತ್ತು. ಸೈಕಲ್ ಬ್ರೇಕಿನ ವೈರ್ ಬಿಗಿಯುವ ಸಣ್ಣ ಸ್ಕ್ರೂ ಹಾಕಿ ಕೇಬಲ್ ಹಿಡಿಸಿದೆವು. ಖರ್ಚು ಇಪ್ಪತ್ತು ರೂಪಾಯಿ. ಹೊರಗೆ 39 ಡಿಗ್ರಿ ಇದ್ದಾಗ ವೆಂಟಿನಲ್ಲಿ 12 ಬಂತು.

ಮುಂದಿನ ಡಯಾಲಿಸಿಸ್ ದಿನ ನಾವೂ ಹಿಂದಿನ ಸೀಟಿನಲ್ಲಿ ಒತ್ತಿ ಕೂತು ಹೋದೆವು. ವಾಪಸ್ ಬರುವಾಗ ಪುಲ್ ಬರೋ ಮೊದಲೇ ಆಯಿ ಸೆರಗು ಹೊದ್ದುಕೊಂಡು, "ಸ್ವಲ್ಪ ಕಮ್ಮಿ ಮಾಡ್ರೋ, ಥಂಡಿ ಆಗಾಕತ್ತೈತಿ" ಅಂದರು. ಕಾಕಾ ಬ್ಲೋವರ್ ಕಮ್ಮಿ ಮಾಡೋಕೆ ಹೋದರೆ ಅದು 1, 2, 3ರಲ್ಲಿ ತಿರುಗೋದೇ ಇಲ್ಲ, 4ರಲ್ಲಿ ಮಾತ್ರ. ಅದು ರೆಸಿಸ್ಟರ್ ಸುಟ್ಟಿರೋ ಲಕ್ಷಣ. ಸದ್ಯಕ್ಕೆ ಆಯಿ ಮುಂದಿನ ವೆಂಟಿಗೆ ಒಂದು ಟವೆಲ್ ಕಟ್ಟಿಸಿಕೊಂಡಿದ್ದಾರೆ.