ಮೊಲದ ಸಾಕುತಾಯಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಗೆ ಮೊಲವೆಂದೊಡನೆ ಹಿರಿಯರ ಕಣ್ಣಿಗೆ ಕಟ್ಟುವದು ಎರಿಹೊಲದ ಬದುವಿನಿಂದ ಚಂಗನೆ ನೆಗೆದು ಓಡುವ ಕಾಡುಮೊಲ. ಅದರ ಮರಿಗಳು ಕಣ್ಣು ತೆರೆದುಕೊಂಡೇ ಹುಟ್ಟುತ್ತವೆ; ಮೈತುಂಬ ಕೂದಲೂ ಇರುತ್ತದೆ. ಅದಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯುಂಟು. ಹಿಡಿದು ತಂದು ಸಾಕಲಾಗದು. ಹಿತ್ತಿಲ ಗೂಡಿನಲ್ಲಿ ಮಕ್ಕಳು ಮುದ್ದಿನಿಂದ ಸಾಕುವ ಬಿಳಿಯ ಮೊಲದ ಕುಲವೇ ಬೇರೆ. ಅದರ ಮೂಲ ಯುರೋಪಖಂಡ. ಅದರ ಮರಿ ಹುಟ್ಟುವಾಗ ಕುರುಡು, ಬತ್ತಲೆ. ಕಣ್ಣು ಬಿಡಲು ಸುಮಾರು 10 ದಿನ ಬೇಕು. ಇಂಥ ಮರಿಗಳ ತಾಯಿ ಸತ್ತರೆ ಮನೆಯವರ ಮುಂದೆ ನಿಲ್ಲುವ ಪ್ರಶ್ನೆ ಸಣ್ಣದಲ್ಲ.

ಮೊದಲು ತಾಯಿಯ ರೀತಿಯನ್ನು ಅರಿಯಬೇಕು. ಗಬ್ಬವಾದ 31 ದಿನಗಳ ಸುಮಾರಿಗೆ ಅದು ತನ್ನ ಹೊಟ್ಟೆಯ ಕೂದಲನ್ನು ತಾನೇ ಕಿತ್ತು ಹಾಸಿ ಮರಿ ಹಾಕುತ್ತದೆ. ಆಮೇಲೆ ದಿನಕ್ಕೊಮ್ಮೆ ಮಾತ್ರ, ಬಹುಶಃ ಕತ್ತಲೆಯಲ್ಲಿ, ಮೂರು ನಾಲ್ಕು ನಿಮಿಷ ಹಾಲೂಡಿ ದೂರ ಸರಿಯುತ್ತದೆ. ಇದನ್ನು ನೋಡಿದ ಮನೆಯಾಕೆಯು, "ಅಯ್ಯೋ, ತಾಯಿ ಮಕ್ಕಳನ್ನು ಬಿಟ್ಟಿತು!" ಎಂದು ಗಾಬರಿಯಾಗುವದು ಸಹಜ. ಬಿಟ್ಟದ್ದಲ್ಲ, ತನ್ನ ವಾಸನೆಯನ್ನು ಹಿಂಬಾಲಿಸಿ ಬರುವ ವೈರಿಯಿಂದ ಮರಿಗಳನ್ನು ಮರೆಮಾಡುವ ಕುಲಧರ್ಮವದು. ಮುಂಜಾನೆ ಮರಿಯ ಹೊಟ್ಟೆ ಉಬ್ಬಿ ಗುಂಡಗಿದ್ದರೆ ಚಿಂತೆಯಿಲ್ಲ. ಹೊಟ್ಟೆ ಒಳಸೇರಿ ತೊಗಲು ಸುಕ್ಕುಗಟ್ಟಿದ್ದರೆ ಹಾಲು ಸಿಕ್ಕಿಲ್ಲವೆಂದೇ ಅರ್ಥ. ಬೆಕ್ಕಿನಂತೆ ಮರಿಯನ್ನು ಬಾಯಲ್ಲಿ ಕಚ್ಚಿ ತರುವ ರೂಢಿಯೂ ಮೊಲಕ್ಕಿಲ್ಲ. ಗೂಡಿನಿಂದ ಹೊರಬಿದ್ದ ಮರಿ ತಾಯಿಯ ಕಣ್ಣೆದುರಿಗೇ ತಣ್ಣಗಾಗಿ ಸಾಯುತ್ತದೆ.

ನಿಜವಾಗಿ ತಬ್ಬಲಿಯಾದ ಮರಿಗಳಿಗೆ ಅರಳೆಯ ಬತ್ತಿಯಿಂದ ಆಕಳ ಹಾಲೂಡಿಸುವದೇ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಆದರೆ ಮೊಲದ ಹಾಲಿನಲ್ಲಿ ಕೊಬ್ಬೂ ಸಸಾರಜನಕವೂ ಆಕಳ ಹಾಲಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ಆಕಳ ಹಾಲು ಆ ಮರಿಗೆ ನೀರಿದ್ದಂತೆ. ಮೇಲಾಗಿ ಒಂದು ಹನಿ ಶ್ವಾಸನಾಳಕ್ಕೆ ಹೋದರೂ ಜೀವಕ್ಕೆ ಸಂಚಕಾರ. ಆದುದರಿಂದ ಬಲ್ಲವರು ಎರಡು ಹೆಣ್ಣುಮೊಲಗಳನ್ನು ಒಂದೇ ದಿನ ಗಂಡಿನ ಬಳಿಗೆ ಬಿಡುತ್ತಾರೆ. ಎರಡೂ ಹೆಚ್ಚುಕಡಿಮೆ ಒಂದೇ ದಿನ ಮರಿ ಹಾಕುವದರಿಂದ, ಒಂದಕ್ಕೆ ಕೇಡಾದರೆ ಇನ್ನೊಂದು ಸಾಕುತಾಯಿಯಾಗಬಲ್ಲದು.

ಮರಿಗಳನ್ನು ಸೇರಿಸುವ ಕ್ರಮ ಕಠಿಣವಲ್ಲ. ಎರಡು ಗುಂಪುಗಳ ವಯಸ್ಸಿನಲ್ಲಿ ಎರಡು ಮೂರು ದಿನಗಳಿಗಿಂತ ಹೆಚ್ಚಿನ ಅಂತರವಿರಬಾರದು, ಗಾತ್ರವೂ ಸರಿಸಮವಾಗಿರಬೇಕು. ಮನೆಯವರು ಕೈ ತೊಳೆದುಕೊಂಡೇ ಮರಿಯನ್ನು ಮುಟ್ಟಬೇಕು. ನಿಪ್ಪಾಣಿಯ ಕಡೆಗೆ ತಂಬಾಕು ಮುಟ್ಟಿದ ಕೈಯಾದರಂತೂ ಚೆನ್ನಾಗಿ ತೊಳೆಯಬೇಕು. ಸಾಕುತಾಯಿಯನ್ನು ಒಂದಿಷ್ಟು ಹಸಿರು ಮೇವಿನ ಆಸೆ ತೋರಿಸಿ ಹೊರಗೆ ಬಿಟ್ಟು, ಹೊಸ ಮರಿಗಳನ್ನು ಅದರ ಮರಿಗಳ ನಡುವೆ ಇರಿಸಿ, ಅದೇ ಗೂಡಿನ ಕೂದಲನ್ನು ಮೇಲೆ ಹೊದಿಸಬೇಕು. ಒಂದು ತಾಸಿನಲ್ಲಿ ಎಲ್ಲದರ ಮೈವಾಸನೆ ಒಂದಾಗುತ್ತದೆ. ಆಮೇಲೆ ತಾಯಿಯನ್ನು ಒಳಗೆ ಬಿಡಬಹುದು.

ಕಠಿಣವಾದುದು ಲೆಕ್ಕ. ಮೊಲಕ್ಕೆ ಸಾಮಾನ್ಯವಾಗಿ ಇರುವವು ಎಂಟೋ ಹತ್ತೋ ಮೊಲೆತೊಟ್ಟುಗಳು. ಸಾಕುತಾಯಿಗೆ ಆಗಲೇ ಆರು ಮರಿಗಳಿದ್ದು, ತಬ್ಬಲಿಗಳು ಏಳಾದರೆ ಏನು ಮಾಡಬೇಕು? ಎಲ್ಲವನ್ನೂ ಒಟ್ಟಿದರೆ ಹದಿಮೂರೂ ಸೊರಗುತ್ತವೆ. ಆ ನಾಲ್ಕು ನಿಮಿಷಗಳ ನೂಕುನುಗ್ಗಲಿನಲ್ಲಿ ತೀರ ಕ್ಷೀಣವಾದವು ಹಿಂದೆ ಬೀಳುತ್ತವೆ. ಹೆತ್ತತಾಯಿ ಕೆಚ್ಚಲುಬಾವಿನಿಂದ ಸತ್ತಿದ್ದರೆ ಪ್ರಶ್ನೆ ಇನ್ನೂ ಕ್ರೂರವಾಗುತ್ತದೆ. ಅದರ ಮರಿಗಳ ಬಾಯಿಂದಲೇ ಸೋಂಕು ಸಾಕುತಾಯಿಗೆ ಹತ್ತಬಹುದು. ಒಂದು ಸಂಸಾರವನ್ನು ಉಳಿಸಹೋಗಿ ಎರಡನ್ನು ಕಳೆದುಕೊಂಡಂತಾದೀತು. ಇಲ್ಲಿ ಕರುಳಿನ ಮಾತನ್ನು ಕೇಳಿದಷ್ಟೇ ಬುದ್ಧಿಯ ಮಾತನ್ನೂ ಕೇಳಬೇಕಾಗುತ್ತದೆ. ಯಾವ ಮರಿಯನ್ನು ಎತ್ತಿ ಕೊಡಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಣಯಿಸುವ ಗೃಹಿಣಿಯ ಕೈ ನಡುಗಿದರೆ ಅದು ಅವಳ ದೌರ್ಬಲ್ಯವಲ್ಲ.

ಚಿಂಚಲಿಯ ಮಾಯಕ್ಕನ ಜಾತ್ರೆಗೆ ಬರುವ ಕುರಿಗಾರರನ್ನು ಕೇಳಿದರೆ ಕುರಿಯ ರೀತಿ ಬೇರೆಯೆಂದು ತಿಳಿಯುತ್ತದೆ. ಈದ ಕೆಲವು ತಾಸುಗಳಲ್ಲಿಯೇ ಕುರಿ ತನ್ನ ಮರಿಯ ವಾಸನೆಯನ್ನು ಗುರುತಿಟ್ಟುಕೊಂಡು ಪರರ ಮರಿಯನ್ನು ಹಾಯ್ದು ದೂಡುತ್ತದೆ. ಮೊಲಕ್ಕೆ ಇಂಥ ಹಟವಿಲ್ಲ, ಮರಿಗೂ ಇಲ್ಲ. ಫ್ರಾನ್ಸ ದೇಶದ ಬೆನ್ವಾ ಶಾಲ್ ಮತ್ತು ಅವರ ಸಂಗಡಿಗರು 2003ರಲ್ಲಿ ಪ್ರಕಟಿಸಿದ ಶೋಧವು ಇದರ ಮರ್ಮವನ್ನು ತೋರಿಸಿತು. ಹಾಲೂಡುವ ಮೊಲದ ಹಾಲಿನಲ್ಲಿ ಒಂದು ಸೂಕ್ಷ್ಮ ಗಂಧವಿದೆ. ಕುರುಡು ಮರಿಯು ಆ ಗಂಧದ ಜಾಡು ಹಿಡಿದೇ ಮೊಲೆತೊಟ್ಟನ್ನು ಹುಡುಕಿಕೊಳ್ಳುತ್ತದೆ. ಆ ಗಂಧವು ಒಬ್ಬ ತಾಯಿಯ ಸ್ವತ್ತಲ್ಲ, ಕುಲದ ತಾಯಂದಿರೆಲ್ಲರದು.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದು ನಮ್ಮ ಗಾದೆ. ಹೆರದವರ ಮುದ್ದಿಗೆ ಯಶೋದೆಯೇ ನಮಗೆ ಸಾಕ್ಷಿ. ಮೊಲಕ್ಕೆ ಯಶೋದೆಯ ವಾತ್ಸಲ್ಯವಿದೆಯೆಂದು ಹೇಳುವದು ಅತಿಶಯೋಕ್ತಿಯಾದೀತು. ಅದು ಎಣಿಸುವದಿಲ್ಲ, ಅಷ್ಟೆ. ಎಣಿಸುವ ಭಾರವೆಲ್ಲ ಮನುಷ್ಯನದು. ಆ ಭಾರವನ್ನು ಸರಿಯಾಗಿ ಹೊತ್ತ ಮನೆಯಲ್ಲಿ, ಇಪ್ಪತ್ತನೆಯ ದಿನದ ಸುಮಾರಿಗೆ ಮರಿಗಳು ಗೂಡಿನಿಂದ ಹೊರಗೆ ಕುಪ್ಪಳಿಸುವಾಗ, ಯಾವುದು ಯಾರದೆಂದು ಮಕ್ಕಳು ಕೇಳುತ್ತಾರೆ. ಹಿರಿಯರಿಗೂ ಆಗ ನೆನಪಿರುವದಿಲ್ಲ.